ಪಿಕಪ್ಪನ್ನು ನಿನ್ನೆಗೆ ಹಾಕಿ ನೋಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಈ ಮೂರೂರಲ್ಲಿ ಎಲ್ಲಿ ನಿಂತು ‘ಪಿಕಪ್’ ಎಂದರೂ ಅರ್ಥವಾಗದವರು ಸಿಗಲಿಕ್ಕಿಲ್ಲ. ‘ಯಾವ ಪಿಕಪ್?’ ಎಂದು ಮರುಪ್ರಶ್ನೆ ಹಾಕುವವರು ಮಾತ್ರ ಸಿಕ್ಕಾರು. ಕೆಂಪುಕಲ್ಲು, ಅಡಿಕೆ ಮೂಟೆ, ಮದುವೆ ಮನೆಯ ಶಾಮಿಯಾನ ಹೇರಿಕೊಂಡು ಹೋಗುವ ಗಾಡಿ ಪಿಕಪ್. ಬೆಂಗಳೂರಿನ ರಾತ್ರಿ ಬಸ್ಸಿಗೆ ಸೀಟು ಮಾಡಿಸಿದರೆ ಬಿ.ಸಿ. ರೋಡು, ಮಾಣಿ, ಉಪ್ಪಿನಂಗಡಿ ಎಲ್ಲವೂ ಪಿಕಪ್ ಪಾಯಿಂಟ್. ಘಾಟಿ ಹತ್ತುವಾಗ ಏದುಸಿರು ಬಿಡುವ ಹಳೆ ಬೈಕಿಗೆ ಪಿಕಪ್ ಇಲ್ಲ. ಅಡಿಕೆ ರೇಟು ಒಮ್ಮೆ ಬಿದ್ದು ಮತ್ತೆ ಪಿಕಪ್ ಆಯಿತು. ಧರ್ಮಸ್ಥಳಕ್ಕೆ ಹೊರಟ ನೆಂಟರನ್ನು ಉಜಿರೆಯಲ್ಲಿ ಪಿಕಪ್ ಮಾಡಬೇಕು. ಮೂಡುಬಿದಿರೆಯ ಹಾಸ್ಟೆಲ್ ಸೇರಿದ ಘಟ್ಟದ ಮೇಲಿನ ಹುಡುಗ ನೋಡನೋಡುತ್ತ ತುಳು ಪಿಕಪ್ ಮಾಡಿಕೊಂಡ.

ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಇದೇ ಪದ ನಮ್ಮ ಬಾಯಿಂದ ಇಂಗ್ಲಿಷಿಗೆ ವಾಪಸು ಹೋಗುವಾಗ ತೊಂದರೆ ಶುರುವಾಗುತ್ತದೆ. ಶಾಲಾ ವಾಹನದ ನೋಟಿಸು, ಕಂಪನಿಗೆ ಕಳಿಸುವ ಇಮೇಲು, ಕೊರಿಯರ್‌ನವನಿಗೆ ಹಾಕುವ ವಾಟ್ಸಾಪು – ಎಲ್ಲೆಂದರಲ್ಲಿ ಮೂರು ಬಗೆಯ ವಾಕ್ಯಗಳು ಕಣ್ಣಿಗೆ ಬೀಳುತ್ತವೆ. ಒಂದು: ‘ಪ್ಲೀಸ್ ಪಿಕಪ್ ಮಿ ಫ್ರಮ್ ಬಿ.ಸಿ. ರೋಡ್’. ಎರಡು: ‘ಐ ಪಿಕಪ್ಡ್ ದ ಪಾರ್ಸೆಲ್ ಯೆಸ್ಟರ್‌ಡೇ’. ಮೂರು: ‘ದ ಪಿಕ್ ಅಪ್ ವಿಲ್ ಕಮ್ ಅಟ್ ಸಿಕ್ಸ್’. ಮೂರೂ ಅರ್ಥವಾಗುತ್ತವೆ, ಮೂರೂ ತಪ್ಪು. ಮೊದಲಿನ ಎರಡರಲ್ಲಿ ಬಿಡಿಸಿ ಬರೆಯಬೇಕಾದ್ದನ್ನು ಕೂಡಿಸಲಾಗಿದೆ. ಮೂರನೆಯದರಲ್ಲಿ ಕೂಡಿಸಬೇಕಾದ್ದನ್ನು ಬಿಡಿಸಲಾಗಿದೆ.

ನಿಯಮ ಒಂದೇ ಸಾಲಿನದು. ಕೆಲಸವನ್ನು ಹೇಳುವಾಗ, ಅಂದರೆ ಕ್ರಿಯಾಪದವಾಗಿರುವಾಗ, ಅದು ಎರಡು ಪದ: ಪಿಕ್ ಅಪ್. ವಸ್ತುವನ್ನೋ ಸಂಗತಿಯನ್ನೋ ಹೆಸರಿಸುವಾಗ, ಅಂದರೆ ನಾಮಪದವಾಗಿರುವಾಗ, ಅದು ಒಂದು ಪದ: ಪಿಕಪ್. ಬ್ರಿಟಿಷ್ ಬರವಣಿಗೆಯಲ್ಲಿ ನಾಮಪದದ ನಡುವೆ ಒಂದು ಅಡ್ಡಗೆರೆ ಎಳೆಯುವುದೂ ಉಂಟು, ಅಮೆರಿಕದವರು ಸಾಮಾನ್ಯವಾಗಿ ಗೆರೆಯಿಲ್ಲದೆ ಕೂಡಿಸುತ್ತಾರೆ. ಎರಡೂ ಸರಿ. ಕ್ರಿಯಾಪದಕ್ಕೆ ಮಾತ್ರ ಗೆರೆಯೂ ಇಲ್ಲ, ಕೂಡಿಕೆಯೂ ಇಲ್ಲ. ನಮ್ಮ ರಸ್ತೆಗಳಲ್ಲಿ ಓಡಾಡುವ ಮಹೀಂದ್ರ ಬೊಲೆರೊ ಪಿಕಪ್ಪಿನ ಹಿಂಭಾಗ ನೋಡಿ ಕಾಗುಣಿತ ಕಲಿಯಲು ಹೋಗಬೇಡಿ. ಆ ಕಂಪನಿ ‘ಸಿ’ ಅಕ್ಷರವನ್ನೇ ಬಿಟ್ಟು ನಡುವೆ ಗೆರೆ ಎಳೆದು ತನ್ನದೇ ಹೆಸರು ಮಾಡಿಕೊಂಡಿದೆ. ಬ್ರ್ಯಾಂಡಿಗೆ ಆ ಸ್ವಾತಂತ್ರ್ಯ ಇದೆ, ಅರ್ಜಿ ಬರೆಯುವವರಿಗೆ ಇಲ್ಲ.

ಇಷ್ಟು ಸರಳ ನಿಯಮ ಪದವಿ ಮುಗಿಸಿದವರ ಕೈಯಲ್ಲೂ ಯಾಕೆ ತಪ್ಪುತ್ತದೆ? ಕಾರಣವನ್ನು ಇಂಗ್ಲಿಷಿನಲ್ಲಿ ಹುಡುಕಿ ಫಲವಿಲ್ಲ. ಅದು ನಮ್ಮ ನಾಲಿಗೆಯಲ್ಲೇ ಇದೆ.

ಇಂಗ್ಲಿಷಿನಿಂದ ಕ್ರಿಯೆಯನ್ನು ಎರವಲು ತರುವಾಗ ಕನ್ನಡ ಅದಕ್ಕೆ ನೇರವಾಗಿ ಪ್ರತ್ಯಯ ಹಚ್ಚುವುದಿಲ್ಲ. ಪದವನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ‘ಮಾಡು’ ಅಥವಾ ‘ಆಗು’ ಕೂರಿಸುತ್ತದೆ. ಫೋನ್ ಮಾಡಿದೆ, ಪಾಸ್ ಆದೆ, ಟೈಪ್ ಮಾಡುತ್ತೇನೆ. ಕಾಲ, ಲಿಂಗ, ವಚನದ ಭಾರವನ್ನೆಲ್ಲ ಹೊರುವುದು ‘ಮಾಡು’. ಇಂಗ್ಲಿಷ್ ಪದದ ಮೈಗೆ ಒಂದು ಗೀರೂ ಬೀಳುವುದಿಲ್ಲ. ನಮ್ಮ ಕಡೆಯ ಉಳಿದ ಭಾಷೆಗಳದ್ದೂ ಇದೇ ದಾರಿ. ತುಳುವಿನಲ್ಲಿ ‘ಪಿಕಪ್ ಮಲ್ಪುಲೆ’, ಕೊಂಕಣಿಯಲ್ಲಿ ‘ಮಲ್ಪು’ವಿನ ಜಾಗಕ್ಕೆ ‘ಕರ್’ ಬರುತ್ತದೆ, ಅಷ್ಟೇ. ಹೀಗೆ ಬಂದ ಪಿಕಪ್ ನಮ್ಮಲ್ಲಿ ಯಾವತ್ತೂ ಕದಲದ ಒಂದೇ ಗಟ್ಟಿ. ಗಾಡಿಯೂ ಪಿಕಪ್ಪೇ, ಮಾಡುವುದೂ ಪಿಕಪ್ಪೇ. ಇಂಗ್ಲಿಷ್ ಬರೆಯಲು ಕೂತಾಗ ‘ಮಾಡು’ವನ್ನು ಕಳಚಿ ಉಳಿದ ಗಟ್ಟಿಯನ್ನೇ ಎತ್ತಿ ವಾಕ್ಯದೊಳಗೆ ಇಡುತ್ತೇವೆ. ಆಗ ‘ಪ್ಲೀಸ್ ಪಿಕಪ್ ಮಿ’ ಹುಟ್ಟುತ್ತದೆ.

ಎರಡನೆಯ ಕಾರಣ ಇನ್ನೂ ಆಳದ್ದು. ಕನ್ನಡದ ಕ್ರಿಯಾಪದದಲ್ಲಿ ಕಾಲ ಕೂರುವುದು ಬಾಲದಲ್ಲಿ. ಎತ್ತಿಕೊಂಡೆ, ಎತ್ತಿಹಾಕಿದೆ, ಎತ್ತಿಬಿಟ್ಟೆ – ಇಲ್ಲಿ ಮೊದಲ ‘ಎತ್ತಿ’ ಅಲುಗಾಡುವುದೇ ಇಲ್ಲ. ನಿನ್ನೆಯೋ ನಾಳೆಯೋ, ನಾನೋ ಅವಳೋ ಎಂಬುದೆಲ್ಲ ಕೊನೆಯ ಕ್ರಿಯೆಯಲ್ಲಿ ಗೊತ್ತಾಗುತ್ತದೆ. ಇಂಗ್ಲಿಷಿನದು ಇದರ ತಿರುವುಮುರುವು. ಪಿಕ್ಸ್ ಅಪ್, ಪಿಕ್ಡ್ ಅಪ್, ಪಿಕಿಂಗ್ ಅಪ್ – ಅಲುಗಾಡುವುದು ಮೊದಲನೆಯದು, ‘ಅಪ್’ ಕಲ್ಲಿನಂತೆ ಕೂತಿರುತ್ತದೆ. ಬಾಲದಲ್ಲಿ ಕಾಲ ಹಚ್ಚಿ ರೂಢಿಯಾದ ಕೈ ಇಂಗ್ಲಿಷಿನಲ್ಲೂ ಬಾಲವನ್ನೇ ಹುಡುಕಿಕೊಂಡು ಹೋಗಿ ‘ಪಿಕಪ್ಡ್’ ಎಂದು ಬರೆಯುತ್ತದೆ. ದಡ್ಡರು ಮಾಡುವ ತಪ್ಪಲ್ಲ ಇದು. ಒಂದು ಭಾಷೆಯ ವ್ಯಾಕರಣ ರಕ್ತಗತವಾದವರು ಇನ್ನೊಂದಕ್ಕೆ ಕಾಲಿಡುವಾಗ ಎಡವುವ ಜಾಗ.

ರಕ್ತದಲ್ಲಿರುವ ಆ ವ್ಯಾಕರಣವೇ ದಾರಿಯನ್ನೂ ತೋರಿಸುತ್ತದೆ. ಓಡು ಎಂಬುದು ಧಾತು, ಓಟ ಎಂಬುದು ಅದರಿಂದ ಹುಟ್ಟಿದ ನಾಮಪದ. ನೋಡು–ನೋಟ, ಕೂಡು–ಕೂಟ, ಆಡು–ಆಟ, ಕೊಯ್ಯು–ಕೊಯ್ಲು. ಹೈಸ್ಕೂಲಿನಲ್ಲಿ ಕೃದಂತ ಭಾವನಾಮ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ‘ನಾನು ಓಟಿದೆ’, ‘ಅವಳು ನೋಟಿದಳು’ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಮೂರು ವರ್ಷದ ಮಗುವೂ ಹೇಳುವುದಿಲ್ಲ. ಇಂಗ್ಲಿಷಿನವನ ಕಿವಿಗೆ ‘ಐ ಪಿಕಪ್ಡ್’ ಎಂಬುದು ‘ನಾನು ಓಟಿದೆ’ಯ ಹಾಗೆಯೇ ಕೇಳಿಸುತ್ತದೆ. ಹೆಸರಿನ ಬೆನ್ನಿಗೆ ಕಾಲದ ಪ್ರತ್ಯಯ ಅಂಟಿಸಿದ ವಿಕಾರ ಅದು.

ಇನ್ನೂ ಶಾಸ್ತ್ರೀಯವಾಗಿ ಬೇಕಿದ್ದವರು ಹಳಗನ್ನಡದ ವೈಯಾಕರಣ ಕೇಶಿರಾಜನನ್ನು ಕರೆಯಬಹುದು. ಕಿಟೆಲ್ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದ ಅವನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಕೊನೆಯದು ಅವ್ಯಯ ಪ್ರಕರಣ. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಬಗ್ಗದೆ ಇದ್ದ ಹಾಗೆಯೇ ಇರುವ ಪದ ಅವ್ಯಯ. ‘ಪಿಕ್ ಅಪ್’ನ ‘ಅಪ್’ ಇಂಥದೇ ಜಾತಿಯದು. ಅವ್ಯಯಕ್ಕೆ ಪ್ರತ್ಯಯ ಹಚ್ಚಬಾರದು ಎಂಬ ಪಾಠ ಕನ್ನಡ ಮೇಷ್ಟರೇ ಹೇಳಿಕೊಟ್ಟಿದ್ದಾರೆ. ಇಂಗ್ಲಿಷ್ ಮೇಷ್ಟರ ಬಳಿ ಅದನ್ನು ಮತ್ತೆ ಕಲಿಯಬೇಕಾಗಿಲ್ಲ.

ಇಷ್ಟರಿಂದ ಒಂದು ಪರೀಕ್ಷೆ ಕೈಗೆ ಸಿಗುತ್ತದೆ. ಕೂಡಿಸಲೋ ಬಿಡಿಸಲೋ ಎಂಬ ಅನುಮಾನ ಬಂದಾಗ ವಾಕ್ಯವನ್ನು ನಿನ್ನೆಗೆ ಹಾಕಿ ನೋಡಿ. ಇಂದಿನ ವಾಕ್ಯ ‘ಪಿಕ್ ಅಪ್ ದ ಚಿಲ್ಡ್ರನ್’. ನಿನ್ನೆಗೆ ಹಾಕಿದರೆ ‘ಪಿಕ್ಡ್ ಅಪ್ ದ ಚಿಲ್ಡ್ರನ್’. ಪದದ ನಡುವೆ ಕಾಲ ನುಗ್ಗಿತು, ಅಂದರೆ ಅಲ್ಲೊಂದು ಸಂದಿ ಇದೆ, ಬಿಡಿಸಿ ಬರೆಯಿರಿ. ‘ದ ಪಿಕಪ್ ಈಸ್ ಲೇಟ್’ ಎಂಬುದನ್ನು ನಿನ್ನೆಗೆ ಹಾಕಿದರೆ ‘ದ ಪಿಕಪ್ ವಾಸ್ ಲೇಟ್’. ಬದಲಾದದ್ದು ಬೇರೆ ಪದ, ಪಿಕಪ್ ಹಾಗೆಯೇ ಉಳಿಯಿತು. ಅದು ಹೆಸರು, ಕೂಡಿಸಿ ಬರೆಯಿರಿ. ಮುಂದೆ ‘ಎ’ ಅಥವಾ ‘ದ’ ನಿಲ್ಲುತ್ತದೆಯೇ, ಕೊನೆಗೆ ಬಹುವಚನದ ‘ಎಸ್’ ಹತ್ತುತ್ತದೆಯೇ ಎಂದೂ ನೋಡಬಹುದು. ಎರಡು ಪಿಕಪ್ಸ್ ಬಂದವು ಎನ್ನಬಹುದಾದರೆ ಅದು ಹೆಸರೇ. ಆದರೂ ನಿನ್ನೆಯ ಪರೀಕ್ಷೆಯೇ ಹೆಚ್ಚು ಗಟ್ಟಿ, ಬೇಗ ಮುಗಿಯುವುದೂ ಅದೇ.

ಈಗ ಆ ‘ಅಪ್’ ಏನು ಮಾಡುತ್ತದೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಅಡಿಕೆ ತೋಟದಲ್ಲಿದೆ. ತಳೆ ಹಾಕಿ ಮರವೇರಿದವನು, ಈಗೀಗ ಕೆಳಗೇ ನಿಂತು ಕಾರ್ಬನ್ ಫೈಬರ್ ದೋಟಿ ಹಿಡಿದವನು, ಗೊನೆಯನ್ನು ಕೊಯ್ಯುತ್ತಾನೆ. ಗೊನೆ ಬಿದ್ದ ರಭಸಕ್ಕೆ ಹಣ್ಣಡಿಕೆ ಸೋಗೆಯ ಸಂದಿಗೆ, ಉಜಿರುಕಣಿಗೆ, ಹುಲ್ಲಿನೊಳಕ್ಕೆ ಚೆಲ್ಲಾಪಿಲ್ಲಿಯಾಗುತ್ತದೆ. ಬುಟ್ಟಿ ಹಿಡಿದವರು ಸೊಂಟ ಬಗ್ಗಿಸಿ ಅದನ್ನು ಹೆಕ್ಕುತ್ತಾರೆ. ಮೇಲಿನವನ ಕೆಲಸ ಕೊಯ್ಯುವುದು, ಕೆಳಗಿನವರದ್ದು ಹೆಕ್ಕುವುದು. ತುಳುವಿನಲ್ಲೂ ಕೊಯ್ಯುನಿ ಬೇರೆ, ಪೆಜ್ಜುನಿ ಬೇರೆ. ಸಂಜೆ ಲೆಕ್ಕ ಹೇಳುವಾಗ ಇವೆರಡನ್ನು ಯಾರೂ ಅದಲುಬದಲು ಮಾಡುವುದಿಲ್ಲ. ಮಲ್ಲಿಗೆಯನ್ನು ಕೊಯ್ಯುತ್ತೇವೆ, ರೆಂಜೆ ಹೂವನ್ನೂ ಪಾರಿಜಾತವನ್ನೂ ಹೆಕ್ಕುತ್ತೇವೆ. ಕಾಟುಮಾವಿನ ಮರದಡಿಗೆ ಬೆಳಗಾಗುವ ಮೊದಲೇ ಓಡುವ ಮಕ್ಕಳು ಹೋಗುವುದು ಹೆಕ್ಕಲಿಕ್ಕೆ.

ಇಂಗ್ಲಿಷಿನಲ್ಲಿ ಗಿಡದಿಂದ ಕೊಯ್ಯುವುದು ಬರೀ ‘ಪಿಕ್’, ನೆಲದಿಂದ ಹೆಕ್ಕುವುದು ‘ಪಿಕ್ ಅಪ್’. ‘ವಿ ಪಿಕ್ಡ್ ಜಾಸ್ಮಿನ್’ ಎಂದರೆ ಗಿಡದಿಂದ ಕೊಯ್ದೆವು. ‘ವಿ ಪಿಕ್ಡ್ ಅಪ್ ಮ್ಯಾಂಗೋಸ್’ ಎಂದರೆ ಬಿದ್ದದ್ದನ್ನು ಹೆಕ್ಕಿದೆವು. ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾದ ಈ ವ್ಯತ್ಯಾಸ ಕರಾವಳಿಯವರಿಗೆ ಹುಟ್ಟಾ ಗೊತ್ತು. ಕೆಳಗಿದ್ದದ್ದು ಮೇಲಕ್ಕೆ, ಕೈಗೆ ಬರುವ ಚಲನೆ ‘ಅಪ್’ನಲ್ಲಿದೆ. ಉಳಿದ ಅರ್ಥಗಳೆಲ್ಲ ಅದರ ಕವಲುಗಳು. ರಸ್ತೆ ಬದಿಯಲ್ಲಿ ನಿಂತವರನ್ನು ಗಾಡಿಗೆ ಹತ್ತಿಸಿಕೊಳ್ಳುವುದು, ಕುಸಿದ ರೇಟು ಏರುವುದು, ಕಿವಿಗೆ ಬಿದ್ದ ಭಾಷೆಯನ್ನು ಪಾಠವಿಲ್ಲದೆ ಹೆಕ್ಕಿಕೊಳ್ಳುವುದು, ಓಟಕ್ಕೆ ವೇಗ ಕೂಡುವುದು. 2020ರ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿ ದೇಶದ ಗಮನ ಸೆಳೆದರು. ಆ ಓಟದ ವೀಡಿಯೊ ನೋಡಿದವರು ಕೋಣಗಳು ‘ಪಿಕಪ್ ತಗೊಂಡವು’ ಎಂದೇ ಹೇಳಿಯಾರು. ಇಂಗ್ಲಿಷಿನಲ್ಲಿ ಅದು ‘ಪಿಕ್ಡ್ ಅಪ್ ಸ್ಪೀಡ್’.

‘ಅಪ್’ ಬಿಟ್ಟರೆ ಏನಾಗುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ‘ಹಿ ಈಸ್ ನಾಟ್ ಪಿಕಿಂಗ್ ಮೈ ಕಾಲ್ಸ್’ ಎನ್ನುವುದು ಭಾರತದ ಉದ್ದಗಲಕ್ಕೂ ಇರುವ ಇಂಗ್ಲಿಷ್. ಫೋನನ್ನು ಗಿಡದಿಂದ ಕೊಯ್ಯುವುದಿಲ್ಲವಲ್ಲ, ಎತ್ತುವುದಷ್ಟೇ. ಆದ್ದರಿಂದ ‘ಪಿಕಿಂಗ್ ಅಪ್’ ಆಗಬೇಕು. ‘ಪಿಕ್ ಮಿ ಅಟ್ ಮೆಲ್ಕಾರ್’ ಎಂದರೆ ಗುಂಪಿನಲ್ಲಿ ನನ್ನನ್ನೇ ಆರಿಸು ಎಂಬ ಅರ್ಥಕ್ಕೆ ವಾಲುತ್ತದೆ. ಆರಿಸುವ ಅರ್ಥದಲ್ಲಿ ‘ಅಪ್’ ಬೇಡ, ಹತ್ತಿಸಿಕೊಳ್ಳುವ ಅರ್ಥದಲ್ಲಿ ಬೇಕು. ಅದೇ ರೀತಿ ಕಾಲು ಕೆರೆದು ಜಗಳಕ್ಕೆ ಹೋಗುವುದು ‘ಪಿಕ್ ಎ ಫೈಟ್’. ಅದಕ್ಕೆ ‘ಅಪ್’ ಸೇರಿಸಿದರೆ ಜಗಳವನ್ನು ನೆಲದಿಂದ ಹೆಕ್ಕಿದ ಹಾಗಾಗುತ್ತದೆ.

ಬಿಡಿಸಿ ಬರೆದ ಮೇಲೆ ಇನ್ನೊಂದು ಸಂದೇಹ ಹುಟ್ಟುತ್ತದೆ: ಯಾರನ್ನು ಎಂಬ ಪದವನ್ನು ಎಲ್ಲಿಡುವುದು? ಹೆಸರನ್ನೇ ಹೇಳುವುದಾದರೆ ಎರಡೂ ಕಡೆ ಇಡಬಹುದು. ‘ಪಿಕ್ ಅಪ್ ದ ಪಾರ್ಸೆಲ್’ ಸರಿ, ‘ಪಿಕ್ ದ ಪಾರ್ಸೆಲ್ ಅಪ್’ ಕೂಡ ಸರಿ. ಆದರೆ ಮಿ, ಹಿಮ್, ಹರ್, ಇಟ್, ದೆಮ್ ಎಂಬ ಸರ್ವನಾಮಗಳು ಬಂದರೆ ಜಾಗ ಒಂದೇ, ಅದು ನಡುವೆ. ‘ಪಿಕ್ ಮಿ ಅಪ್’, ‘ಪಿಕ್ ದೆಮ್ ಅಪ್’. ‘ಪಿಕ್ ಅಪ್ ಮಿ’ ಎಂದು ಇಂಗ್ಲಿಷಿನವರು ಹೇಳುವುದಿಲ್ಲ. ಸರ್ವನಾಮವನ್ನು ನಡುವೆ ಇಡುವ ಅಭ್ಯಾಸ ಕೂತರೆ ಇನ್ನೊಂದು ಲಾಭವಿದೆ. ಒಳಗೆ ‘ಮಿ’ ಕೂತ ಮೇಲೆ ಎರಡನ್ನೂ ಕೂಡಿಸಿ ಬರೆಯಬೇಕೆಂದರೂ ಕೈ ಬಾರದು. ಬಿ.ಸಿ. ರೋಡಿನ ವಾಕ್ಯ ಈಗ ತನ್ನಷ್ಟಕ್ಕೇ ಸರಿಯಾಗುತ್ತದೆ: ‘ಪ್ಲೀಸ್ ಪಿಕ್ ಮಿ ಅಪ್ ಫ್ರಮ್ ಬಿ.ಸಿ. ರೋಡ್’.

ಕಿವಿಗೂ ಒಂದು ಸುಳಿವಿದೆ. ಇಂಗ್ಲಿಷರು ನಾಮಪದದಲ್ಲಿ ಒತ್ತನ್ನು ಮೊದಲ ತುಂಡಿನ ಮೇಲೆ ಹಾಕುತ್ತಾರೆ: ‘ಪಿಕ್’ ಜೋರು, ‘ಅಪ್’ ಮೆತ್ತಗೆ. ಕ್ರಿಯಾಪದದಲ್ಲಿ ‘ಅಪ್’ ಕೂಡ ಒತ್ತು ಪಡೆದು ಸ್ಪಷ್ಟವಾಗಿ ಕೇಳುತ್ತದೆ. ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲ. ನಮಗೆ ಅರ್ಥ ಬದಲಾಗುವುದು ಹ್ರಸ್ವ ದೀರ್ಘಗಳಲ್ಲಿ, ಒತ್ತಕ್ಷರಗಳಲ್ಲಿ. ಹಾಗಾಗಿ ‘ರೆಕಾರ್ಡ್’, ‘ಪರ್ಮಿಟ್’ಗಳನ್ನು ಹೆಸರಾದಾಗಲೂ ಕ್ರಿಯೆಯಾದಾಗಲೂ ಒಂದೇ ಥರ ಉಚ್ಚರಿಸುತ್ತೇವೆ. ಜೊತೆಗೆ ‘ಪಿಕ್’ನ ಕೊನೆಯ ಕಕಾರ ‘ಅಪ್’ನ ಅಕಾರವನ್ನು ಅಪ್ಪಿಕೊಂಡು ನಮ್ಮ ಬಾಯಲ್ಲಿ ‘ಪಿಕಪ್’ ಆಗಿಬಿಡುತ್ತದೆ. ಪದಗಳನ್ನು ಹಾಗೆ ಬೆಸೆಯುವುದು ಕನ್ನಡದ ಸಹಜ ಗುಣ. ಚೆಕಪ್, ಸೆಟಪ್, ಬ್ಯಾಕಪ್, ಮೇಕಪ್, ಗೆಟಪ್, ಪ್ಯಾಕಪ್, ಲಾಗಿನ್, ಪ್ರಿಂಟೌಟ್, ಟೇಕಾಫ್ – ಎಲ್ಲವೂ ಈ ಬೆಸುಗೆಯಲ್ಲೇ ಬಂದವು. ಕಂಡಕ್ಟರ್ ಬಾಯಲ್ಲಿ ‘ಹೋಲ್ಡ್ ಆನ್’ ಎಂಬ ಎರಡು ಪದ ‘ಹೋಲ್ಡಾನ್’ ಆದದ್ದೂ ಹೀಗೆಯೇ. ಕಿವಿಗೆ ಒಂದಾಗಿ ಕೇಳಿದ್ದನ್ನು ಕೈ ಒಂದಾಗಿ ಬರೆಯುತ್ತದೆ.

ಇತಿಹಾಸದ ಒಂದು ತಮಾಷೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಕ್ರಿಯಾಪದಕ್ಕೆ ಅಪ್, ಡೌನ್, ಇನ್, ಔಟ್‌ಗಳು ಜೊತೆಗೂಡಿ ಹೊಸ ಅರ್ಥ ಕೊಡುವ ಇಂಥ ರಚನೆಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕ 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಆಂಡ್ ಇಡಿಯಮ್ಸ್’ ಪುಸ್ತಕದಿಂದ. ಆ ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಹೇಳಿಕೊಂಡಿದ್ದಾರೆ. ಅದೇ 1925ರ ಏಪ್ರಿಲಿನಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಹಿಂದುಗಡೆ ಸಾಮಾನು ಪೆಟ್ಟಿಗೆ ಜೋಡಿಸಿ ‘ಪಿಕಪ್ ಬಾಡಿ’ ಎಂಬ ಹೆಸರಿನಲ್ಲಿ 281 ಡಾಲರಿಗೆ ಮಾರಾಟಕ್ಕೆ ಬಿಟ್ಟಿತು. ಅಲ್ಲಿಯವರೆಗೆ ರೈತರು ಕಾರು ಕೊಂಡು ಹಿಂದಿನ ಪೆಟ್ಟಿಗೆಯನ್ನು ತಾವೇ ಕಟ್ಟಿಸಿಕೊಳ್ಳುತ್ತಿದ್ದರು. ಹೀಗೆ ಕ್ರಿಯಾಪದದ ಆ ಜಾತಿಯ ಹೆಸರು ಪ್ರಚಾರಕ್ಕೆ ಬಂದ ವರ್ಷವೇ ಕಾರ್ಖಾನೆಯವರು ಅದರದ್ದೊಂದು ನಾಮಪದಕ್ಕೆ ನಾಲ್ಕು ಚಕ್ರ ಕೊಟ್ಟರು.

ಪಿಕಪ್ಪಿನಲ್ಲಿ ಕಲಿತದ್ದು ಉಳಿದ ಕಡೆಯೂ ನಡೆಯುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಬ್ರೇಕ್‌ಡೌನ್ ಆಯಿತು ಎನ್ನುತ್ತೇವೆ. ನಿನ್ನೆಗೆ ಹಾಕಿದರೆ ‘ದ ಬಸ್ ಬ್ರೋಕ್ ಡೌನ್’. ‘ಬ್ರೇಕ್’ ಒಳಗಿನಿಂದಲೇ ‘ಬ್ರೋಕ್’ ಆಗುವ ಕಾರಣ ಇಲ್ಲಿ ಸಂದಿ ಕುರುಡನಿಗೂ ಕಾಣುತ್ತದೆ. ಹೆಸರಾಗಿ ಬೇಕಾದರೆ ‘ದೇರ್ ವಾಸ್ ಎ ಬ್ರೇಕ್‌ಡೌನ್ ಇನ್ ದ ಘಾಟ್’. ಬಜಪೆಯಲ್ಲಿ ವಿಮಾನ ‘ಟುಕ್ ಆಫ್’, ಅದು ಮಾಡಿದ್ದು ‘ಟೇಕಾಫ್’. ಪಹಣಿಗಾಗಿ ಪೋರ್ಟಲ್‌ಗೆ ಹೋದವನು ‘ಲಾಗ್ಡ್ ಇನ್’, ಅವನಿಗೆ ಬೇಕಾದದ್ದು ‘ಲಾಗಿನ್’ ಮತ್ತು ಪಾಸ್‌ವರ್ಡ್. ಹುಡುಗ ಎಂಟನೇ ತರಗತಿಯಲ್ಲಿ ‘ಡ್ರಾಪ್ಡ್ ಔಟ್’, ಅವನನ್ನು ದಾಖಲೆಯಲ್ಲಿ ಕರೆಯುವುದು ‘ಡ್ರಾಪೌಟ್’. ಅಂಗಡಿ ‘ಸೆಟ್ ಅಪ್’ ಮಾಡಿದೆವು ಎನ್ನುವಲ್ಲಿ ನಿನ್ನೆಯ ಪರೀಕ್ಷೆ ಕೈಕೊಡುತ್ತದೆ, ಏಕೆಂದರೆ ‘ಸೆಟ್’ ನಿನ್ನೆಯೂ ‘ಸೆಟ್ಟೇ’. ಅಲ್ಲಿ ‘ಸೆಟಿಂಗ್ ಅಪ್’ ಎಂದು ಈಗ ನಡೆಯುತ್ತಿರುವ ಹಾಗೆ ಹೇಳಿ ನೋಡಬೇಕು. ‘ಶಟ್ ಡೌನ್’ಗೂ ಇದೇ ಔಷಧ. ‘ನಾಳೆ ವಿದ್ಯುತ್ ಶಟ್‌ಡೌನ್’ ಎಂಬ ಪ್ರಕಟಣೆಯಲ್ಲಿ ಕೂಡಿಸಬೇಕು, ‘ವಿ ಆರ್ ಶಟಿಂಗ್ ಡೌನ್ ದ ಲೈನ್’ ಎನ್ನುವಲ್ಲಿ ಬಿಡಿಸಬೇಕು.

ಕೆಲವು ಕಡೆ ನಾಮಪದ ಕ್ರಿಯೆಯಿಂದ ದೂರ ಸರಿದು ತನ್ನದೇ ಸಂಸಾರ ಹೂಡಿದೆ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಮೇಕಪ್ ಮಾಡಿಕೊಂಡರು ಎಂಬುದನ್ನು ‘ದೇ ಮೇಡ್ ಅಪ್’ ಎಂದು ಬರೆದರೆ ಅವರು ಜಗಳ ಮರೆತು ರಾಜಿಯಾದರು ಎಂದಾಗುತ್ತದೆ. ‘ದೇ ಪುಟ್ ಆನ್ ಮೇಕಪ್’ ಎಂದು ಹೆಸರನ್ನೇ ಬಳಸಬೇಕು. ಆಸ್ಪತ್ರೆಯ ಚೆಕಪ್ಪೂ ಹೀಗೆಯೇ. ‘ಐ ಚೆಕ್ಡ್ ಅಪ್ ಮೈ ಶುಗರ್’ ಅಲ್ಲ, ‘ಐ ವೆಂಟ್ ಫಾರ್ ಎ ಚೆಕಪ್’ ಅಥವಾ ‘ಐ ಹ್ಯಾಡ್ ಮೈ ಶುಗರ್ ಚೆಕ್ಡ್’. ಕ್ರಿಯೆಗೆ ಇರುವ ಅರ್ಥಗಳೆಲ್ಲ ಹೆಸರಿಗೆ ದಾಟುವುದಿಲ್ಲ ಎಂಬುದೂ ನೆನಪಿರಲಿ. ಹುಡುಗ ತುಳುವನ್ನು ‘ಪಿಕ್ಡ್ ಅಪ್’ ಎನ್ನಬಹುದು, ‘ಹಿಸ್ ಪಿಕಪ್ ಆಫ್ ತುಳು’ ಎಂದು ಇಂಗ್ಲಿಷಿನವರು ಹೇಳುವುದಿಲ್ಲ. ವ್ಯಾಪಾರ ಚೇತರಿಸಿಕೊಂಡದ್ದಕ್ಕೆ ಮಾತ್ರ ಎರಡೂ ಒಗ್ಗುತ್ತವೆ: ‘ಸೇಲ್ಸ್ ಪಿಕ್ಡ್ ಅಪ್’, ‘ಎ ಪಿಕಪ್ ಇನ್ ಸೇಲ್ಸ್’.

ಇನ್ನು ಕೆಲವು ಹೆಸರುಗಳಲ್ಲಿ ಅವ್ಯಯ ಮುಂದಕ್ಕೆ ಬಂದು ಕೂರುತ್ತದೆ. ಸುರಿಯುವುದು ‘ಪೋರ್ ಡೌನ್’, ಜುಲೈಯಲ್ಲಿ ಬೆಳ್ತಂಗಡಿಗೆ ಬರುವ ಜಡಿಮಳೆ ‘ಡೌನ್‌ಪೋರ್’. ಕಾಯಿಲೆ ಹಬ್ಬುವುದು ‘ಬ್ರೇಕ್ ಔಟ್’, ಹಬ್ಬಿದ್ದು ‘ಔಟ್‌ಬ್ರೇಕ್’. ಕಬಡ್ಡಿ, ವಾಲಿಬಾಲ್ ಪಂದ್ಯಾಟದ ಫ್ಲೆಕ್ಸುಗಳ ‘ರನ್ನರ್ ಅಪ್’ ಬೇರೆಯೇ ಜಾತಿ. ಇಲ್ಲಿ ‘ರನ್ನರ್’ ಎಂಬ ಹೆಸರು ತನ್ನ ಯಜಮಾನಿಕೆ ಬಿಟ್ಟುಕೊಟ್ಟಿಲ್ಲ. ಆದ್ದರಿಂದ ಬಹುವಚನ ಹತ್ತುವುದು ಅದಕ್ಕೇ: ‘ರನ್ನರ್ಸ್ ಅಪ್’, ‘ರನ್ನರ್ ಅಪ್ಸ್’ ಅಲ್ಲ. ನಮ್ಮ ಸಂಘಟಕರು ‘ವಿನ್ನರ್ಸ್, ರನ್ನರ್ಸ್’ ಎಂದು ‘ಅಪ್’ ಅನ್ನೇ ಹಾರಿಸಿ ಗೊಂದಲದಿಂದ ಪಾರಾಗಿದ್ದಾರೆ. ಟ್ರೋಫಿ ತೆಗೆದುಕೊಂಡವರು ಯಾರೂ ತಕರಾರು ಮಾಡಿದಂತಿಲ್ಲ.

ಇಂಥ ತಪ್ಪು ನಮ್ಮವರದ್ದು ಮಾತ್ರ ಎಂದು ಕೀಳರಿಮೆ ಪಡುವುದೂ ಬೇಡ. ಇಂಗ್ಲಿಷೇ ಮನೆಮಾತಾದ ದೇಶಗಳ ಜಾಲತಾಣಗಳಲ್ಲೂ ಬಟನ್ನಿನ ಮೇಲೆ ‘ಲಾಗಿನ್ ಹಿಯರ್’ ಎಂದು ಕೂಡಿಸಿ ಬರೆದದ್ದು ಧಾರಾಳವಾಗಿ ಸಿಗುತ್ತದೆ. ಭಾಷೆ ಸವೆಯುವುದು, ಬೆಸೆಯುವುದು ಎಲ್ಲ ಕಡೆಯೂ ಇದೆ. ಆದರೆ ಅವರ ತಪ್ಪನ್ನು ಅವಸರ ಎನ್ನುತ್ತಾರೆ, ನಮ್ಮ ತಪ್ಪನ್ನು ಅಜ್ಞಾನ ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಐದನೇ ತರಗತಿಯಲ್ಲಿ ಎಬಿಸಿಡಿ ಶುರುಮಾಡಿದ ತಲೆಮಾರಿನವರು ಈ ತಾರತಮ್ಯವನ್ನು ಇಂಟರ್‌ವ್ಯೂ ಕೋಣೆಗಳಲ್ಲಿ ಚೆನ್ನಾಗಿ ಅನುಭವಿಸಿದ್ದಾರೆ. ಅರ್ಜಿಯ ಮೊದಲ ಸಾಲಿನಲ್ಲೇ ‘ಐ ಸೆಟಪ್ ಎ ಯೂನಿಟ್’ ಎಂದಿದ್ದರೆ ಓದುವವರು ಯೂನಿಟ್ಟಿನ ಸಾಧನೆಗೆ ಬರುವ ಮೊದಲೇ ಹುಬ್ಬು ಗಂಟಿಕ್ಕುತ್ತಾರೆ. ಅದು ಅನ್ಯಾಯವಾದರೂ ಒಂದು ಖಾಲಿ ಜಾಗ ಬಿಟ್ಟು ತಪ್ಪಿಸಿಕೊಳ್ಳಬಹುದಾದ ಅನ್ಯಾಯ.

ನಮ್ಮವರಿಗೆ ಇದು ಕಷ್ಟವೂ ಅಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಊರಿನ ಮಾತು ತುಳು, ಕಾಲೇಜಿನ ಓದು ಇಂಗ್ಲಿಷ್, ಬರೆದು ಹೆಸರಾದದ್ದು ಕನ್ನಡದಲ್ಲಿ. ಇವತ್ತೂ ಇಲ್ಲಿನ ಸಂತೆಯಲ್ಲಿ ಮೀನು ಮಾರುವವರು ಬ್ಯಾರಿಯಲ್ಲಿ ಮಾತು ಶುರುಮಾಡಿ, ತುಳುವಿನಲ್ಲಿ ಚೌಕಾಸಿಗೆ ಉತ್ತರ ಕೊಟ್ಟು, ಕನ್ನಡದಲ್ಲಿ ಲೆಕ್ಕ ಮುಗಿಸುತ್ತಾರೆ. ಮೂರು ನಾಲ್ಕು ಭಾಷೆಗಳ ವ್ಯಾಕರಣವನ್ನು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಇಟ್ಟುಕೊಳ್ಳಬಲ್ಲವರಿಗೆ ಒಂದೇ ಪದದ ಎರಡು ಕಾಗುಣಿತ ದೊಡ್ಡದಲ್ಲ. ಕನ್ನಡದಲ್ಲಿ, ತುಳುವಿನಲ್ಲಿ ‘ಪಿಕಪ್ ಮಾಡಿದೆ’, ‘ಪಿಕಪ್ ಮಲ್ತೆ’ ಎನ್ನುವುದನ್ನು ಬಿಡಬೇಕಾಗಿಯೂ ಇಲ್ಲ. ಅದು ತಪ್ಪು ಇಂಗ್ಲಿಷ್ ಅಲ್ಲ, ಸರಿಯಾದ ಕನ್ನಡ, ಸರಿಯಾದ ತುಳು. ಅಣ್ಣನಿಗೋ ಅಕ್ಕನಿಗೋ ಹಾಕುವ ವಾಟ್ಸಾಪು ಹೇಗಿದ್ದರೂ ನಡೆಯುತ್ತದೆ, ಅವರು ಹೇಗೂ ಬಂದು ಕರೆದುಕೊಂಡು ಹೋಗುತ್ತಾರೆ. ಗುರುತಿಲ್ಲದವರು ಓದುವ ಕಾಗದಕ್ಕೆ ಮಾತ್ರ, ಕಳಿಸುವ ಮೊದಲು, ಆ ವಾಕ್ಯವನ್ನೊಮ್ಮೆ ನಿನ್ನೆಗೆ ಹಾಕಿ ಓದಿ. ನಡುವೆ ಕಾಲ ನುಗ್ಗಿದರೆ ಸ್ಪೇಸ್‌ಬಾರ್ ಒತ್ತಿ.